ಪ್ಯಾಲೆಟ್ ಮೇಲಿನ ಪೆಟ್ಟಿಗೆಗಳಿಗೆ ರಟ್ಟಿನ ಹಾಳೆ: ಎಲ್ಲಿ ಹಾಕಬೇಕು, ಎಷ್ಟು ದಪ್ಪದ್ದು ಹಾಕಬೇಕು?

ಬೇಳೆ ಗಿರಣಿಯ ಪ್ಯಾಕಿಂಗ್ ಮೇಲ್ವಿಚಾರಕ, ಕಪನೂರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಪನೂರು ಕೈಗಾರಿಕಾ ಪ್ರದೇಶದ ಒಂದು ತೊಗರಿ ಬೇಳೆ ಗಿರಣಿಯಲ್ಲಿ ಪ್ಯಾಕಿಂಗ್ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ಬೇಳೆಯೆಲ್ಲ 50 ಕಿಲೋ ಚೀಲಗಳಲ್ಲಿಯೇ ಗಂಜ್‌ಗೆ (ಸಗಟು ಮಾರುಕಟ್ಟೆಗೆ) ಹೋಗುತ್ತಿತ್ತು. ಚೀಲವನ್ನು ಲಾರಿಯಿಂದ ಕೆಳಗೆ ಒಗೆದರೂ, ಹದಿನೈದು ಚೀಲಗಳೆತ್ತರ ಥಪ್ಪಿ ಹಚ್ಚಿದರೂ ಬೇಳೆಗೆ ಏನೂ ಆಗುತ್ತಿರಲಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ನಮ್ಮ ಮಾಲೀಕರು ಗಿರಣಿಯ ಹೆಸರಿನಲ್ಲಿಯೇ ಒಂದು ಕಿಲೋ ಪೊಟ್ಟಣಗಳನ್ನು ಮಾಡಿಸಲು ನಿರ್ಧರಿಸಿದರು. ಈಗ 20 ಪೊಟ್ಟಣಗಳಿಗೆ ಒಂದು ರಟ್ಟಿನ ಪೆಟ್ಟಿಗೆ, 50 ಪೆಟ್ಟಿಗೆಗಳಿಗೆ ಒಂದು ಪ್ಯಾಲೆಟ್ (ಸರಕು ಪೇರಿಸುವ ಮರದ ಅಡಿಮಣೆ) ಎಂಬ ಲೆಕ್ಕದಲ್ಲಿ ಹೈದರಾಬಾದಿನ ಹೊರವಲಯದಲ್ಲಿರುವ ಒಂದು ಚಿಲ್ಲರೆ ಮಾರಾಟ ಸರಪಳಿಯ ವಿತರಣಾ ಗೋದಾಮಿಗೆ ಸರಕು ಕಳುಹಿಸುತ್ತಿದ್ದೇವೆ.

ನಮ್ಮ ಪೆಟ್ಟಿಗೆಯ ಅಳತೆ 400 × 300 × 250 ಮಿಲಿಮೀಟರ್, ಪ್ಯಾಲೆಟ್‌ನ ಅಳತೆ 1200 × 1000. ಒಂದು ಸಾಲಿಗೆ ಹತ್ತು ಪೆಟ್ಟಿಗೆಗಳಂತೆ ಐದು ಸಾಲು ಏರಿಸುತ್ತೇವೆ. ಗೋದಾಮು ತಲುಪುವ ಹೊತ್ತಿಗೆ ಕೆಳಗಿನ ಸಾಲಿನ ಪೆಟ್ಟಿಗೆಗಳು ಸೊಂಟ ಮುರಿದುಕೊಂಡಿರುತ್ತವೆ, ಒಳಗಿನ ಪೊಟ್ಟಣಗಳಲ್ಲಿ ಕೆಲವು ಹೊಲಿಗೆ ಬಿಟ್ಟು ಬೇಳೆ ಸುರಿದಿರುತ್ತದೆ. ನಾಲ್ಕು ಪೆಟ್ಟಿಗೆ ಕೆಟ್ಟಿದ್ದರೂ ಇಡೀ ಪ್ಯಾಲೆಟ್ಟನ್ನೇ ಮರಳಿ ಕಳುಹಿಸುತ್ತಾರೆ, ಹೋಗಿ ಬರುವ ಬಾಡಿಗೆ ನಮ್ಮ ಮೇಲೆಯೇ ಬೀಳುತ್ತದೆ. ಪ್ಯಾಲೆಟ್ ಮೇಲೆ ಮೂರು ಪದರದ ರಟ್ಟಿನ ಹಾಳೆ ಹಾಸುತ್ತಿದ್ದೆವು. ಅದು ಸಾಲದೆಂದು ಐದು ಪದರದ ಹಾಳೆ ಹಾಸಿ ನೋಡಿದೆವು. ಖರ್ಚು ಹೆಚ್ಚಾಯಿತೇ ಹೊರತು ಫಲ ಕಾಣಲಿಲ್ಲ. ಇನ್ನು ಏಳು ಪದರಕ್ಕೆ ಹೋಗಬೇಕೇ, ಅಥವಾ ಪ್ರತಿ ಸಾಲಿನ ನಡುವೆಯೂ ಹಾಳೆ ಹಾಕಬೇಕೇ ಎಂಬುದನ್ನು ಅನುಭವವಿದ್ದವರು ತಿಳಿಸಬೇಕು.

ರಟ್ಟಿನ ಪೆಟ್ಟಿಗೆ ತಯಾರಕ, ಹುಮನಾಬಾದ್

ಹಾಳೆಯ ದಪ್ಪದ ಮಾತಿಗೆ ಹೋಗುವ ಮೊದಲು ಒಂದು ಪ್ರಶ್ನೆಯಿದೆ. 400 × 300ರ ಪೆಟ್ಟಿಗೆಗಳು ಈ ಪ್ಯಾಲೆಟ್ ಮೇಲೆ ಹತ್ತು ಕೂರಬೇಕಾದರೆ ಒಂದು ಪಟ್ಟಿಯಲ್ಲಿ ನಾಲ್ಕನ್ನು ಒಂದು ದಿಕ್ಕಿಗೆ, ಉಳಿದ ಎರಡು ಪಟ್ಟಿಗಳಲ್ಲಿ ಮೂರು ಮೂರನ್ನು ಇನ್ನೊಂದು ದಿಕ್ಕಿಗೆ ಇಡಬೇಕಾಗುತ್ತದೆ. ಆಗ 400, 300, 300 ಸೇರಿ ಸರಿಯಾಗಿ 1000 ಆಗುತ್ತದೆ. ಎರಡನೆಯ ಸಾಲನ್ನು ನೀವು ಮೊದಲ ಸಾಲಿನ ನಕ್ಷೆಯಂತೆಯೇ ಇಡುತ್ತೀರೋ, ಅಥವಾ ತಿರುಗಿಸಿ ಇಡುತ್ತೀರೋ?

ಬೇಳೆ ಗಿರಣಿಯ ಪ್ಯಾಕಿಂಗ್ ಮೇಲ್ವಿಚಾರಕ, ಕಪನೂರು

ತಿರುಗಿಸಿಯೇ ಇಡುತ್ತೇವೆ. ಗೋಡೆಗೆ ಇಟ್ಟಿಗೆ ಕಟ್ಟಿದಂತೆ ಒಂದು ಸಾಲಿನ ಸಂದಿಯ ಮೇಲೆ ಮುಂದಿನ ಸಾಲಿನ ಪೆಟ್ಟಿಗೆ ಬರುತ್ತದೆ. ನಮ್ಮ ಹಮಾಲರು ಎಲ್ಲ ಥಪ್ಪಿಯನ್ನೂ ಹೀಗೆಯೇ ಹಚ್ಚುತ್ತಾರೆ.

ರಟ್ಟಿನ ಪೆಟ್ಟಿಗೆ ತಯಾರಕ, ಹುಮನಾಬಾದ್

ಹಾಗಾದರೆ ನಿಮ್ಮ ನಷ್ಟದ ಬಹುಪಾಲು ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಚೀಲದ ಥಪ್ಪಿಗೆ ಆ ಪದ್ಧತಿ ಬಹಳ ಸರಿ. ಚೀಲದೊಳಗೆ ಗಟ್ಟಿಯಾಗಿ ತುಂಬಿದ ಕಾಳೇ ಭಾರವನ್ನು ಹೊರುತ್ತದೆ, ಚೀಲಕ್ಕೆ ಮೂಲೆಯೆಂಬುದಿಲ್ಲ, ಒಂದರ ಮೇಲೊಂದು ಅಡ್ಡಡ್ಡ ಬಿದ್ದಷ್ಟೂ ಥಪ್ಪಿ ಗಟ್ಟಿಯಾಗುತ್ತದೆ. ಪೆಟ್ಟಿಗೆಯ ಮಾತು ಬೇರೆ. ಖಾಲಿ ಪೆಟ್ಟಿಗೆಯ ಮೇಲ್ಭಾಗದ ನಡುವೆ ಅಂಗೈಯಿಂದ ಒತ್ತಿ ನೋಡಿ, ತಗ್ಗುತ್ತದೆ; ಮೂಲೆಯ ಮೇಲೆ ಒತ್ತಿ ನೋಡಿ, ತಗ್ಗುವುದಿಲ್ಲ. ಪೆಟ್ಟಿಗೆ ತಾಳುವ ಭಾರದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ನಾಲ್ಕು ಮೂಲೆಗಳೇ ಹೊರುತ್ತವೆ. ಇಟ್ಟಿಗೆ ಕಟ್ಟಿದಂತೆ ಇಟ್ಟಾಗ ಮೇಲಿನ ಪೆಟ್ಟಿಗೆಯ ಬಲವಾದ ಮೂಲೆ ಕೆಳಗಿನ ಪೆಟ್ಟಿಗೆಯ ದುರ್ಬಲ ಗೋಡೆಯ ಮೇಲೆ ಬಂದು ಕೂರುತ್ತದೆ.

ಪ್ಯಾಕೇಜಿಂಗ್ ವಿಷಯದ ಬೋಧಕಿ, ಬೀದರ

ಮೇಲಿನ ಮಾತಿಗೆ ಸ್ವಲ್ಪ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ಈ ಲೆಕ್ಕ ತಿಳಿದರೆ ಹಾಳೆಯ ಪಾತ್ರವೂ ತಾನಾಗಿಯೇ ತಿಳಿಯುತ್ತದೆ.

ಐದು ಸಾಲಿನ ಪ್ಯಾಲೆಟ್‌ನಲ್ಲಿ ಕೆಳಗಿನ ಪ್ರತಿ ಪೆಟ್ಟಿಗೆಯ ಮೇಲೆ ನಾಲ್ಕು ಪೆಟ್ಟಿಗೆಗಳ ಭಾರ, ಅಂದರೆ 80 ಕಿಲೋ ಇರುತ್ತದೆ. 80 ಕಿಲೋ ತಾಳುವ ಪೆಟ್ಟಿಗೆ ಸಾಕಲ್ಲವೇ ಎಂದು ಕೇಳಬಹುದು, ಸಾಲದು. ಪ್ರಯೋಗಾಲಯದಲ್ಲಿ ಪೆಟ್ಟಿಗೆಯ ಬಲವನ್ನು ಅಳೆಯುವುದು 23 ಡಿಗ್ರಿ ಉಷ್ಣತೆ ಮತ್ತು ಶೇಕಡಾ 50ರ ತೇವಾಂಶದಲ್ಲಿ, ಹೊಸ ಪೆಟ್ಟಿಗೆಯ ಮೇಲೆ, ಕೆಲವೇ ನಿಮಿಷಗಳ ಮಟ್ಟಿಗೆ. ಅದೇ ಪೆಟ್ಟಿಗೆ ಭಾರ ಹೊತ್ತು ಒಂದು ತಿಂಗಳು ನಿಂತರೆ ಅದರ ಬಲ ಶೇಕಡಾ 60ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯ ತೇವಾಂಶ ಶೇಕಡಾ 90ಕ್ಕೆ ಏರಿದರೆ ಸುಮಾರು ಅರ್ಧದಷ್ಟು ಬಲ ಹೋಗುತ್ತದೆ. ಇಟ್ಟಿಗೆ ಪದ್ಧತಿಯಲ್ಲಿ ಇಟ್ಟರೆ ಮತ್ತೆ ಸುಮಾರು ಅರ್ಧ ಹೋಗುತ್ತದೆ. ಪೆಟ್ಟಿಗೆ ಪ್ಯಾಲೆಟ್‌ನ ಅಂಚಿನಿಂದ ಒಂದು ಅಂಗುಲ ಹೊರಚಾಚಿದ್ದರೆ ಶೇಕಡಾ 20ರಿಂದ 40ರಷ್ಟು ಹೋಗುತ್ತದೆ. ಈ ನಷ್ಟಗಳು ಒಂದರ ಮೇಲೊಂದು ಗುಣಿಸಿಕೊಳ್ಳುತ್ತವೆ ಎಂಬುದನ್ನು ಗಮನಿಸಬೇಕು. ಆದ್ದರಿಂದಲೇ ಮೇಲಿನ ಭಾರದ ನಾಲ್ಕೈದು ಪಟ್ಟು ತಾಳುವ ಪೆಟ್ಟಿಗೆಯನ್ನು ಆರಿಸಬೇಕೆನ್ನುವುದು. ನಿಮ್ಮ ಸಂದರ್ಭದಲ್ಲಿ ಅದು 320ರಿಂದ 400 ಕಿಲೋ ಆಗುತ್ತದೆ.

ಈಗ ಹಾಳೆಯ ವಿಷಯ. ಬಹಳ ಜನ ರಟ್ಟಿನ ಹಾಳೆಯನ್ನು ಮೆತ್ತೆಯೆಂದು ತಿಳಿದಿರುತ್ತಾರೆ. ಅದಕ್ಕಾಗಿಯೇ ದಪ್ಪ ಹೆಚ್ಚಿಸಲು ಹೊರಡುತ್ತಾರೆ. 1856ರಲ್ಲಿ ಇಂಗ್ಲೆಂಡಿನಲ್ಲಿ, ಈ ರಟ್ಟಿನ ನಡುವೆ ಇರುವ ಅಲೆ ಮಡಿಕೆಯ ಕಾಗದಕ್ಕೆ ಮೊದಲ ಪೇಟೆಂಟ್ ದೊರೆತದ್ದು ಎತ್ತರದ ಟೊಪ್ಪಿಗೆಗಳ ಒಳ ಅಸ್ತರಿಗೆ, 1871ರಲ್ಲಿ ಅಮೆರಿಕದಲ್ಲಿ ಅದನ್ನು ಬಳಸಿದ್ದು ಬಾಟಲಿ ಮತ್ತು ದೀಪದ ಗಾಜುಗಳನ್ನು ಸುತ್ತಲು. ಆ ಕಾಲಕ್ಕೆ ಅದು ನಿಜವಾಗಿಯೂ ಮೆತ್ತೆಯೇ ಆಗಿತ್ತು. ಆದರೆ ಪ್ಯಾಲೆಟ್‌ನಲ್ಲಿ ಹಾಳೆಯ ಕೆಲಸ ಭಾರ ಹಂಚುವುದು. ಕೆಳಗೆ ಹಾಸಿದ ಹಾಳೆ ಮರದ ಪಟ್ಟಿಗಳ ನಡುವಿನ ಸಂದಿಯನ್ನು ಮುಚ್ಚುತ್ತದೆ, ಮೊಳೆಯ ತಲೆಯಿಂದ ಪೆಟ್ಟಿಗೆಯ ತಳವನ್ನು ಕಾಯುತ್ತದೆ. ನಡುವೆ ಹಾಸಿದ ಹಾಳೆ ಒಂದು ಸಾಲಿನ ಹತ್ತು ಪೆಟ್ಟಿಗೆಗಳನ್ನು ಒಂದೇ ಹಲಗೆಯಂತೆ ಹಿಡಿದು, ಮೂಲೆಗಳು ಅಲ್ಪಸ್ವಲ್ಪ ಜರುಗಿದರೂ ಭಾರ ಒಂದೇ ಬಿಂದುವಿಗೆ ಬೀಳದಂತೆ ನೋಡಿಕೊಳ್ಳುತ್ತದೆ. ಮೇಲಿನ ಹಾಳೆ ಧೂಳು, ಹಗ್ಗ ಮತ್ತು ಇನ್ನೊಂದು ಪ್ಯಾಲೆಟ್‌ನ ಕಾಲುಗಳಿಂದ ರಕ್ಷಿಸುತ್ತದೆ. ಇಷ್ಟೂ ಕೆಲಸವನ್ನು ಅದು ಮಾಡುತ್ತದೆ, ಆದರೆ ದಾರಿ ತಪ್ಪಿದ ಮೂಲೆಗಳನ್ನು ಮಾತ್ರ ಅದು ಸರಿಪಡಿಸಲಾರದು. ನೀವು ಐದು ಪದರ ಹಾಸಿದರೂ ಫಲ ಕಾಣದಿದ್ದುದು ಇದೇ ಕಾರಣಕ್ಕೆ.

ಹಮಾಲರ ಮೇಸ್ತ್ರಿ, ಕಲಬುರಗಿ

ಎಲ್ಲ ತಪ್ಪನ್ನೂ ಹಮಾಲರ ಮೇಲೆ ಹಾಕಬಾರದೆಂದು ಕೇಳಿಕೊಳ್ಳುತ್ತೇನೆ. ನಾನು ಇಪ್ಪತ್ತು ವರ್ಷಗಳಿಂದ ಲಾರಿ ತುಂಬಿಸುತ್ತಿದ್ದೇನೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ನೇರವಾಗಿ ಇಟ್ಟರೆ ಹತ್ತು ಬೇರೆ ಬೇರೆ ಕಂಬಗಳಾಗುತ್ತವೆ. ದಾರಿಯಲ್ಲಿ ಊರೂರಿಗೂ ರಸ್ತೆಯುಬ್ಬುಗಳಿವೆ. ಚಾಲಕ ಒಮ್ಮೆ ಬ್ರೇಕ್ ಒತ್ತಿದರೆ ಅಂಚಿನ ಕಂಬ ಹೊರಗೆ ವಾಲುತ್ತದೆ. ಅಡ್ಡ ಕಟ್ಟಿದರೆ ವಾಲುವುದಿಲ್ಲ, ಅದಕ್ಕೇ ಅಡ್ಡ ಕಟ್ಟುತ್ತೇವೆ. ಪೆಟ್ಟಿಗೆ ಒಡೆದರೆ ಗಿರಣಿಯವರಿಗೆ ನಷ್ಟ, ನಿಜ. ಆದರೆ ಬಾಗಿಲು ತೆರೆದಾಗ ವಾಲಿದ ಕಂಬ ಬೀಳುವುದು ಇಳಿಸಲು ನಿಂತ ಹಮಾಲನ ತಲೆಯ ಮೇಲೆ. ಇದನ್ನೂ ನೀವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ಯಾಕೇಜಿಂಗ್ ವಿಷಯದ ಬೋಧಕಿ, ಬೀದರ

ಮೇಸ್ತ್ರಿಯವರ ಮಾತು ನೂರಕ್ಕೆ ನೂರು ಸರಿ, ಮತ್ತು ಇದನ್ನು ನಾನೇ ಮೊದಲು ಹೇಳಬೇಕಾಗಿತ್ತು. ಅಡ್ಡ ಕಟ್ಟುವುದರಿಂದ ಸ್ಥಿರತೆ ಬರುತ್ತದೆ, ಬಲ ಹೋಗುತ್ತದೆ. ನೇರ ಕಟ್ಟುವುದರಿಂದ ಬಲ ಉಳಿಯುತ್ತದೆ, ಸ್ಥಿರತೆ ಹೋಗುತ್ತದೆ. ನಡು ಹಾಳೆಯ ನಿಜವಾದ ಉಪಯೋಗ ಇರುವುದು ಈ ಇಕ್ಕಟ್ಟಿನಲ್ಲಿಯೇ. ಪ್ರತಿ ಎರಡು ಸಾಲಿಗೊಮ್ಮೆ ಒಂದು ಹಾಳೆ ಹಾಸಿದರೆ ಹತ್ತು ಕಂಬಗಳೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಏಕೆಂದರೆ ಒಂದು ಕಂಬ ವಾಲಬೇಕಾದರೆ ಹಾಳೆಯನ್ನೂ, ಹಾಳೆಯ ಮೇಲಿನ ಉಳಿದ ಪೆಟ್ಟಿಗೆಗಳನ್ನೂ ತನ್ನೊಡನೆ ಎಳೆಯಬೇಕಾಗುತ್ತದೆ. ನಿಮ್ಮ ಐದು ಸಾಲಿನ ಪ್ಯಾಲೆಟ್‌ಗೆ ತಳದಲ್ಲಿ ಒಂದು, ಎರಡನೆಯ ಸಾಲಿನ ಮೇಲೆ ಒಂದು, ನಾಲ್ಕನೆಯ ಸಾಲಿನ ಮೇಲೆ ಒಂದು, ತುದಿಯಲ್ಲಿ ಒಂದು ಎಂದು ನಾಲ್ಕು ಹಾಳೆಗಳು ಸಾಕು. ಮೊದಲ ನಾಲ್ಕು ಸಾಲುಗಳನ್ನು ನೇರವಾಗಿ ಇಟ್ಟು, ಐದನೆಯ ಸಾಲನ್ನು ಮಾತ್ರ ಮೇಸ್ತ್ರಿಯವರು ಹೇಳಿದಂತೆ ತಿರುಗಿಸಿ ಇಡಿ. ಅದರ ಮೇಲೆ ಭಾರವಿಲ್ಲ, ಅದು ಕೆಳಗೆ ಒತ್ತುವುದೂ ಒಂದೇ ಪೆಟ್ಟಿಗೆಯ ಭಾರದಿಂದ. ನಡುವೆ ಹಾಳೆಯೂ ಇರುವುದರಿಂದ ಹಾನಿ ಕಡಿಮೆ, ಕಂಬಗಳನ್ನು ಕಟ್ಟಿಹಾಕಿದಂತೆಯೂ ಆಗುತ್ತದೆ. ನಡು ಹಾಳೆಗೆ ಮೂರು ಪದರದ್ದು ಧಾರಾಳವಾಯಿತು. ಐದು ಪದರದ್ದನ್ನು ತಳಕ್ಕೆ ಮಾತ್ರ ಬಳಸಿ.

ಗೋದಾಮು ಮೇಲ್ವಿಚಾರಕಿ, ಊರು ಯಾದಗಿರಿ, ಕೆಲಸ ಹೈದರಾಬಾದ್

ನಾನು ಸರಕು ಸ್ವೀಕರಿಸುವ ಕಡೆಯಲ್ಲಿ ಇರುವವಳು. ನೀವು ಸರಕು ಕಳುಹಿಸುವ ಗೋದಾಮಿಗೂ ನನಗೂ ಸಂಬಂಧವಿಲ್ಲ, ಆದರೆ ಇಂತಹ ಪ್ಯಾಲೆಟ್‌ಗಳು ನಮ್ಮಲ್ಲಿಯೂ ದಿನವೂ ಬರುತ್ತವೆ. ಬಾಗಿಲಲ್ಲಿ ನಿಂತು ನೋಡಿದ ಮೂರು ಸಂಗತಿಗಳನ್ನು ಹೇಳಲೇಬೇಕು.

ಮೊದಲನೆಯದು ಹಾಳೆಯ ಅಳತೆ. ಪ್ಯಾಲೆಟ್ 1200 × 1000 ಇದ್ದರೆ ಹಾಳೆಯನ್ನೂ ಅಷ್ಟೇ ಕತ್ತರಿಸುವುದು ರೂಢಿ. ಆದರೆ ಹಾಳೆಯನ್ನು ಹಾಸುವಾಗ ಕೂದಲೆಳೆಯಷ್ಟಾದರೂ ಸರಿಯದೆ ಇರುವುದಿಲ್ಲ, ಆಗ ಅದರ ಒಂದು ಅಂಚು ಹೊರಗೆ ಚಾಚಿಕೊಂಡು ಸ್ಟ್ರೆಚ್ ಫಿಲ್ಮನ್ನು (ಸರಕಿನ ಸುತ್ತ ಎಳೆದು ಸುತ್ತುವ ತೆಳು ಪ್ಲಾಸ್ಟಿಕ್) ಚಾಕುವಿನಂತೆ ಸೀಳುತ್ತದೆ. ಪ್ರತಿ ಬದಿಯಲ್ಲಿ ಐದು ಮಿಲಿಮೀಟರ್ ಬಿಟ್ಟು 1190 × 990ಕ್ಕೆ ಕತ್ತರಿಸಿದರೆ ಈ ತೊಂದರೆ ಇರುವುದಿಲ್ಲ. ಇನ್ನೂ ಸಣ್ಣದಾಗಿ ಕತ್ತರಿಸಬೇಡಿ, ಹೊರ ಸಾಲಿನ ಮೂಲೆಗಳು ಹಾಳೆಯ ಮೇಲೆ ಕೂರದೆ ಹೋದರೆ ಹಾಳೆ ಹಾಕಿಯೂ ಹಾಕದಂತೆ.

ಎರಡನೆಯದು ಫಿಲ್ಮ್. ಬಹಳ ಜನ ಪೆಟ್ಟಿಗೆಗಳನ್ನು ಮಾತ್ರ ಸುತ್ತುತ್ತಾರೆ, ಪ್ಯಾಲೆಟ್ಟನ್ನು ಸುತ್ತುವುದಿಲ್ಲ. ಆಗ ಪೆಟ್ಟಿಗೆಗಳೆಲ್ಲ ಒಂದು ಗಂಟಾಗಿ ಪ್ಯಾಲೆಟ್ ಮೇಲೆ ಜಾರುತ್ತವೆ. ಮೊದಲ ಎರಡು ಮೂರು ಸುತ್ತುಗಳು ಪ್ಯಾಲೆಟ್‌ನ ಮರದ ದಿಮ್ಮಿಗಳನ್ನು ಹಿಡಿದು ಏಳಬೇಕು. ಫಿಲ್ಮನ್ನು ಬಿಗಿಯಾಗಿ ಎಳೆದರೆ ಮೇಲಿನ ಸಾಲಿನ ಮೂಲೆಗಳು ಒಳಗೆ ಕುಸಿಯುತ್ತವೆ, ಅದಕ್ಕಾಗಿ ನಾಲ್ಕೂ ಮೂಲೆಗಳಿಗೆ ಕಾಗದದ ಮೂಲೆ ಪಟ್ಟಿಗಳನ್ನು ತಳದಿಂದ ತುದಿಯವರೆಗೆ ನಿಲ್ಲಿಸಿ ಆಮೇಲೆ ಸುತ್ತಬೇಕು.

ಮೂರನೆಯದು ಬಾರ್‌ಕೋಡ್ ಚೀಟಿ. ಮೂಲೆ ಪಟ್ಟಿಯ ಕೆಳಗೆ ಚೀಟಿ ಮುಚ್ಚಿಹೋಗಿದ್ದರೆ ನಮ್ಮ ಹುಡುಗರು ಫಿಲ್ಮ್ ಹರಿದು ಹುಡುಕಬೇಕಾಗುತ್ತದೆ. ಒಮ್ಮೆ ಹರಿದ ಪ್ಯಾಲೆಟ್ ಮತ್ತೆ ಮೊದಲಿನಂತೆ ನಿಲ್ಲುವುದಿಲ್ಲ.

ಗೋದಾಮು ಮಾಲೀಕ, ಶಹಾಬಾದ್

ಮಳೆಗಾಲದ ಬಗ್ಗೆ ಯಾರೂ ವಿವರವಾಗಿ ಹೇಳದಿರುವುದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿ ಒಣಗಿ ರಟ್ಟು ಹಪ್ಪಳದಂತಾಗುತ್ತದೆ, ಮಡಿಕೆಯ ಗೆರೆಯಲ್ಲಿ ಮುರಿಯುತ್ತದೆ. ಜೂನ್ ಕಳೆದು ಮಳೆ ಹಿಡಿಯಿತೆಂದರೆ ಅದೇ ರಟ್ಟು ಮೆತ್ತಗಾಗುತ್ತದೆ. ಅಲೆ ಪದರವನ್ನು ಅಂಟಿಸುವುದು ಪಿಷ್ಟದ ಗೋಂದಿನಿಂದ, ನೀರು ತಾಗಿದರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ.

ಇಲ್ಲಿನ ಗೋದಾಮುಗಳ ನೆಲಕ್ಕೆ ಹೆಚ್ಚಾಗಿ ನಮ್ಮ ಊರಿನ ಫರಸಿಯೇ ಇರುತ್ತದೆ. ಬೇಸಿಗೆಯಲ್ಲಿ ತಂಪಾದ ನೆಲ ಅದು, ಆದರೆ ಮಳೆಗಾಲದ ತೇವದ ಗಾಳಿ ಆ ತಣ್ಣನೆಯ ಕಲ್ಲಿಗೆ ತಾಗಿ ನೆಲವೇ ಬೆವರಿದಂತೆ ಒದ್ದೆಯಾಗುತ್ತದೆ. ಹಾಳೆಗಳ ಕಟ್ಟನ್ನು ಅಂತಹ ನೆಲದ ಮೇಲೆ ನೇರವಾಗಿ ಇಟ್ಟರೆ ಕೆಳಗಿನ ಹತ್ತಿಪ್ಪತ್ತು ಹಾಳೆಗಳು ಬಳಸುವ ಮೊದಲೇ ಸತ್ವ ಕಳೆದುಕೊಂಡಿರುತ್ತವೆ. ನೋಡಲು ಒಣಗಿದಂತೆಯೇ ಕಾಣುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಹಾಳೆಗಳ ಕಟ್ಟನ್ನೂ ಪ್ಯಾಲೆಟ್ ಮೇಲೆಯೇ ಇಡಬೇಕು, ಗೋಡೆಯಿಂದ ಒಂದು ಮೊಳ ದೂರ ಇಡಬೇಕು, ಹಳೆಯದು ಮೊದಲು ಖರ್ಚಾಗುವಂತೆ ನೋಡಿಕೊಳ್ಳಬೇಕು. ತಳದ ಹಾಳೆಗೂ ಮರಕ್ಕೂ ನಡುವೆ ಮಳೆಗಾಲದಲ್ಲಿ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸುವುದು ಒಳ್ಳೆಯದು, ಏಕೆಂದರೆ ಅಂಗಳದಲ್ಲಿ ನೆನೆದ ಮರದ ಪ್ಯಾಲೆಟ್ ತನ್ನೊಳಗಿನ ನೀರನ್ನು ದಿನಗಟ್ಟಲೆ ಮೇಲಿನ ರಟ್ಟಿಗೆ ಕೊಡುತ್ತಲೇ ಇರುತ್ತದೆ.

ಕಿರಾಣಿ ಸಗಟು ವ್ಯಾಪಾರಿ, ಬೀದರ

ಹೊಸ ಹಾಳೆಗಳನ್ನೇ ಏಕೆ ಕೊಳ್ಳಬೇಕು? ನಮ್ಮ ಅಂಗಡಿಗೆ ಬರುವ ದೊಡ್ಡ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿದರೆ ಆಗುವುದಿಲ್ಲವೇ? ರದ್ದಿಗೆ ಹಾಕುವುದಕ್ಕಿಂತ ಅದು ಮೇಲಲ್ಲವೇ?

ರಟ್ಟಿನ ಪೆಟ್ಟಿಗೆ ತಯಾರಕ, ಹುಮನಾಬಾದ್

ನಾನು ಹಾಳೆ ಮಾರುವವನಾದ್ದರಿಂದ ನನ್ನ ಮಾತನ್ನು ತೂಗಿ ನೋಡಿ ಒಪ್ಪಿಕೊಳ್ಳಿ. ತುದಿಯ ಹಾಳೆಗೆ, ಹಗ್ಗದ ಕೆಳಗಿನ ತುಂಡಿಗೆ, ಲಾರಿಯ ಗೋಡೆಗೂ ಪ್ಯಾಲೆಟ್‌ಗೂ ನಡುವಿನ ಸಂದಿಗೆ ಹಳೆಯ ರಟ್ಟು ಖಂಡಿತ ಆಗುತ್ತದೆ, ಅದಕ್ಕೆ ಹೊಸದನ್ನು ಕೊಳ್ಳುವುದು ದುಂದು. ತಳಕ್ಕೆ ಮತ್ತು ನಡುವಿಗೆ ಆಗುವುದಿಲ್ಲ. ಬಿಚ್ಚಿದ ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯ ಗೆರೆಗಳಿರುತ್ತವೆ, ಅಲ್ಲಿ ಅಲೆಗಳು ಈಗಾಗಲೇ ನುಜ್ಜಾಗಿರುತ್ತವೆ. ಭಾರ ಹಂಚಬೇಕಾದ ಹಲಗೆ ನಾಲ್ಕು ಕಡೆ ಮುರಿದಿದ್ದರೆ ಅದು ಹಲಗೆಯಾಗಿ ಉಳಿಯುವುದಿಲ್ಲ. ನಮ್ಮಲ್ಲಿ ಪೆಟ್ಟಿಗೆಗಳಿಗೆ ತಂತಿಯ ಪಿನ್ನು ಹೊಡೆಯುವುದು ಹೆಚ್ಚು, ಕಣ್ಣು ತಪ್ಪಿದ ಒಂದು ಪಿನ್ನು ಸಾಕು, ಪೆಟ್ಟಿಗೆಯ ತಳವನ್ನು ದಾಟಿ ಪೊಟ್ಟಣವನ್ನು ತೂತು ಮಾಡಲು. ಇದಕ್ಕಿಂತ ಮುಖ್ಯವಾದುದು ಹುಳು. ಅಲೆಗಳ ಸುರಂಗದಲ್ಲಿ ಹಿಟ್ಟಿನ ಹುಳು, ಜಿರಳೆಯ ಮೊಟ್ಟೆ ಇವೆಲ್ಲ ಒಂದು ಗೋದಾಮಿನಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತವೆ. ಆಹಾರ ಪದಾರ್ಥಕ್ಕೆ ಎಲ್ಲಿಂದಲೋ ಬಂದ ಹಳೆಯ ರಟ್ಟನ್ನು ಬಳಸುವ ಧೈರ್ಯ ಮಾಡಬೇಡಿ.

ಬಿದ್ರಿ ಕರಕುಶಲ ವಸ್ತುಗಳ ವ್ಯಾಪಾರಿ, ಬೀದರ

ನನ್ನ ಸರಕು ಬೇಳೆಯಲ್ಲ, ಆದರೂ ಹಾಳೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳುತ್ತೇನೆ. ಬಿದ್ರಿ ಹೂದಾನಿಗಳು ಸತು ಪ್ರಧಾನವಾದ ಲೋಹದವು, ಗಾತ್ರಕ್ಕೆ ಮೀರಿದ ಭಾರ ಇರುತ್ತದೆ; ಸಾಲುಗಳ ನಡುವೆ ಹಾಳೆ ಇಲ್ಲದೆ ಕಳುಹಿಸುವಂತೆಯೇ ಇಲ್ಲ. ಆದರೆ ಸಾಮಾನ್ಯ ರಟ್ಟಿನಲ್ಲಿ ಗಂಧಕದ ಅಂಶ ಉಳಿದಿರಬಹುದು, ಅದು ಬೆಳ್ಳಿಯ ಕುಸುರಿಗೆ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಆದ್ದರಿಂದ ವಸ್ತುವನ್ನು ಮೊದಲು ಬೇರೆ ಕಾಗದದಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ರಟ್ಟಿನ ಹಾಳೆಯನ್ನು ಪೆಟ್ಟಿಗೆಗಳ ನಡುವೆ ಮಾತ್ರ ಬಳಸುತ್ತೇವೆ. ವಿದೇಶಕ್ಕೆ ಹೋಗುವಾಗ ಮರದ ಪ್ಯಾಲೆಟ್‌ಗೆ 56 ಡಿಗ್ರಿಯಲ್ಲಿ 30 ನಿಮಿಷ ಶಾಖ ಕೊಟ್ಟ ಮುದ್ರೆ ಬೇಕಾಗುತ್ತದೆ, ರಟ್ಟಿಗೆ ಆ ನಿಯಮವಿಲ್ಲ. ಸಣ್ಣ ಸರಕನ್ನು ರಟ್ಟಿನ ಪ್ಯಾಲೆಟ್ ಮೇಲೆಯೇ ಕಳುಹಿಸುವುದಕ್ಕೆ ಇದೂ ಒಂದು ಕಾರಣ.

ಲಾರಿ ಮಾಲೀಕ, ಯಾದಗಿರಿ

ಮರದ ಪ್ಯಾಲೆಟ್ಟನ್ನೇ ಬಿಟ್ಟು, ಸರಕನ್ನು ಬರಿಯ ಗಟ್ಟಿ ರಟ್ಟಿನ ಸ್ಲಿಪ್ ಶೀಟ್ ಮೇಲೆ ಕಳುಹಿಸಿದರೆ ಲಾರಿಯಲ್ಲಿ ಜಾಗವೂ ತೂಕವೂ ಉಳಿಯುತ್ತದೆ ಎಂದು ಕೇಳಿದ್ದೇನೆ.

ಗೋದಾಮು ಮೇಲ್ವಿಚಾರಕಿ, ಊರು ಯಾದಗಿರಿ, ಕೆಲಸ ಹೈದರಾಬಾದ್

ಉಳಿಯುತ್ತದೆ, ಆದರೆ ಸ್ಲಿಪ್ ಶೀಟ್‌ನ ಅಂಚನ್ನು ಕಚ್ಚಿ ಎಳೆದುಕೊಳ್ಳುವ ವಿಶೇಷ ಸಾಧನ ಫೋರ್ಕ್‌ಲಿಫ್ಟ್‌ಗೆ ಜೋಡಿಸಿರಬೇಕು, ಅದು ಕಳುಹಿಸುವಲ್ಲಿಯೂ ಇರಬೇಕು, ಇಳಿಸುವಲ್ಲಿಯೂ ಇರಬೇಕು. ನಮ್ಮಲ್ಲಿ ಅದು ಇಲ್ಲ. ಹ್ಯಾಂಡ್ ಪ್ಯಾಲೆಟ್ ಟ್ರಕ್‌ನಿಂದ ಆ ಕೆಲಸ ಸಾಧ್ಯವಿಲ್ಲ.

ಬೇಳೆ ಗಿರಣಿಯ ಪ್ಯಾಕಿಂಗ್ ಮೇಲ್ವಿಚಾರಕ, ಕಪನೂರು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೂರು ವಾರ ತಡವಾಗಿ ಬರೆಯುತ್ತಿರುವುದು ನೀವು ಹೇಳಿದ್ದನ್ನು ಮಾಡಿ ನೋಡಿದ ಮೇಲೆ ಬರೆಯಬೇಕೆಂಬ ಕಾರಣದಿಂದ.

ಮೊದಲು ನಮ್ಮ ಮೇಸ್ತ್ರಿಯನ್ನೂ ಹಮಾಲರನ್ನೂ ಕರೆದು ಖಾಲಿ ಪೆಟ್ಟಿಗೆಯ ನಡುವೆ ಮತ್ತು ಮೂಲೆಯ ಮೇಲೆ ಒತ್ತಿ ತೋರಿಸಿದೆ. ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಬೀಳಲಿಲ್ಲ. ಆದರೆ ಕೈಗೆ ಅಭ್ಯಾಸವಾದುದು ಬದಲಾಗಲು ಸಮಯ ಹಿಡಿಯಿತು, ಮಾತನಾಡುತ್ತಾ ಕೆಲಸ ಮಾಡುವಾಗ ಎರಡನೆಯ ಸಾಲು ತಾನಾಗಿಯೇ ತಿರುಗಿಬಿಡುತ್ತಿತ್ತು. ಕೊನೆಗೆ ಅವರಲ್ಲಿಯೇ ಒಬ್ಬರು ತಳದ ಹಾಳೆಯ ಮೇಲೆ ಹತ್ತು ಪೆಟ್ಟಿಗೆಗಳ ನಕ್ಷೆಯನ್ನು ಸೀಮೆಸುಣ್ಣದಿಂದ ಬರೆದರು. ಈಗ ನಡು ಹಾಳೆಯ ಮೇಲೂ ಅದೇ ನಕ್ಷೆಯನ್ನು ಬರೆಯುತ್ತೇವೆ, ಹಾಳೆ ನೋಡಿ ಪೆಟ್ಟಿಗೆ ಇಡುತ್ತಾರೆ. ಭಾರ ಹಂಚುವ ಹಾಳೆ ದಾರಿ ತೋರಿಸುವ ಹಾಳೆಯೂ ಆಗಿದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ತಳಕ್ಕೆ ಐದು ಪದರದ್ದು, ನಡುವಿಗೆ ಮೂರು ಪದರದ ಎರಡು ಹಾಳೆಗಳು, ತುದಿಗೆ ನಮ್ಮದೇ ಗಿರಣಿಯಲ್ಲಿ ಮುದ್ರಣ ತಪ್ಪಾಗಿ ಉಳಿದಿದ್ದ, ಎಂದೂ ಬಳಸದ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿದೆವು. ಹಾಳೆಯ ಅಳತೆ 1190 × 990. ಪ್ಯಾಲೆಟ್‌ಗಳನ್ನು ಒಂದೊಂದಾಗಿ ತಿರುವಿ ನೋಡಿದಾಗ ಎದ್ದು ನಿಂತ ಮೊಳೆಗಳು ನಾನು ನೆನೆಸಿದ್ದಕ್ಕಿಂತ ಹೆಚ್ಚು ಸಿಕ್ಕವು, ಅವನ್ನೆಲ್ಲ ಬಡಿದು ಕೂರಿಸಿದೆವು. ಮೊದಲ ಲಾರಿಯಲ್ಲಿ ಕೆಳಗಿನ ಸಾಲಿನ ಒಂದು ಪೆಟ್ಟಿಗೆಯೂ ಕುಸಿಯಲಿಲ್ಲ. ಎರಡನೆಯ ಲಾರಿಯಲ್ಲಿ ಒಂದು ಪ್ಯಾಲೆಟ್ ಸ್ವಲ್ಪ ವಾಲಿತ್ತು. ವಿಚಾರಿಸಿದಾಗ ಆ ಪ್ಯಾಲೆಟ್‌ಗೆ ಫಿಲ್ಮ್ ತಳದ ದಿಮ್ಮಿಗಳನ್ನು ಹಿಡಿಯದೆ ಪೆಟ್ಟಿಗೆಗಳಿಂದಲೇ ಶುರುವಾಗಿತ್ತೆಂದು ತಿಳಿಯಿತು. ಅದನ್ನು ಅವರು ಮರಳಿ ಕಳುಹಿಸಲಿಲ್ಲ, ಅಲ್ಲಿಯೇ ನೇರ ಮಾಡಿಕೊಂಡರು.

ಇನ್ನೂ ಒಂದು ಸಂಶಯ ಉಳಿದಿದೆ. ಪೆಟ್ಟಿಗೆಯೊಳಗೆ ಬೇಳೆಯ ಪೊಟ್ಟಣಗಳು ಕುಳಿತ ಮೇಲೆ ಬದಿಗಳು ಹೊಟ್ಟೆಯಂತೆ ಉಬ್ಬುತ್ತವೆ, ಅದರಿಂದ ಹತ್ತು ಪೆಟ್ಟಿಗೆಗಳ ಸಾಲು 1000ದ ಬದಿಯಲ್ಲಿ ಹದಿನೈದು ಮಿಲಿಮೀಟರ್ ಹೆಚ್ಚಾಗಿ ಅಂಚು ದಾಟುತ್ತದೆ. ಇದಕ್ಕೆ ಹಾಳೆಯಿಂದ ಪರಿಹಾರವಿದೆಯೇ?

ರಟ್ಟಿನ ಪೆಟ್ಟಿಗೆ ತಯಾರಕ, ಹುಮನಾಬಾದ್

ಪ್ಯಾಲೆಟ್‌ನ ಹಾಳೆಯಿಂದ ಇಲ್ಲ, ಪೆಟ್ಟಿಗೆಯೊಳಗಿನ ಹಾಳೆಯಿಂದ ಇದೆ. ಒಂದೊಂದು ಕಡೆ ಹತ್ತು ಪೊಟ್ಟಣಗಳಂತೆ ಪೆಟ್ಟಿಗೆಯನ್ನು ಎರಡು ಭಾಗ ಮಾಡುವ ಒಂದು ನಿಂತ ಅಡ್ಡರಟ್ಟನ್ನು ಹಾಕಿ, ಅದರ ಅಲೆಗಳು ಮೇಲಿನಿಂದ ಕೆಳಕ್ಕೆ ನಿಂತಿರಲಿ, ಎತ್ತರ ಪೆಟ್ಟಿಗೆಯ ಒಳ ಎತ್ತರಕ್ಕೆ ಸರಿಯಾಗಿರಲಿ. ಅದು ಭಾರವನ್ನೂ ಹೊರುತ್ತದೆ, ಪೊಟ್ಟಣಗಳು ಒಂದೇ ಕಡೆಗೆ ಜಾರಿ ಬದಿಯನ್ನು ತಳ್ಳುವುದನ್ನೂ ತಡೆಯುತ್ತದೆ. ಪೊಟ್ಟಣಗಳನ್ನು ನಿಲ್ಲಿಸುವ ಬದಲು ಮಲಗಿಸಿ ತುಂಬಿ, ಮುಚ್ಚುವ ಮೊದಲು ಪೆಟ್ಟಿಗೆಯನ್ನು ಒಮ್ಮೆ ಅಲುಗಿಸಿ ಕೂರಿಸಿ. ಹೊಸ ಪೆಟ್ಟಿಗೆಗಳನ್ನು ಮಾಡಿಸುವ ಸಮಯ ಬಂದಾಗ ಹೊರ ಅಳತೆಯನ್ನು 390 × 290ಕ್ಕೆ ಇಳಿಸಿ, ಎತ್ತರವನ್ನು ಒಂದೂವರೆ ಸೆಂಟಿಮೀಟರ್ ಹೆಚ್ಚಿಸಿ. ಉಬ್ಬಿದರೂ ಅಂಚಿನೊಳಗೆಯೇ ಉಳಿಯುತ್ತದೆ.

ಬೇಳೆ ಗಿರಣಿಯ ಪ್ಯಾಕಿಂಗ್ ಮೇಲ್ವಿಚಾರಕ, ಕಪನೂರು

ಅಡ್ಡರಟ್ಟಿನ ನೂರು ತುಂಡುಗಳನ್ನು ನಾಳೆಯೇ ಕತ್ತರಿಸಲು ಹೇಳುತ್ತೇನೆ. ಮುಂದಿನ ಲಾರಿಯಲ್ಲಿ ಎರಡು ಪ್ಯಾಲೆಟ್‌ಗಳಿಗೆ ಮಾತ್ರ ಹಾಕಿ, ಉಳಿದವನ್ನು ಈಗಿರುವಂತೆಯೇ ಕಳುಹಿಸಿ, ಎರಡರ ಅಂಚುಗಳನ್ನೂ ಅಲ್ಲಿ ಇಳಿಸುವಾಗ ಅಳೆಯಲು ನಾನೇ ಲಾರಿಯ ಜೊತೆ ಹೋಗುತ್ತಿದ್ದೇನೆ.